ಎರಡನೇ ಮಹಡಿಯ ಕಡಲು

ಆಷಾಢದ ಜಿಟಿಜಿಟಿ ಮಳೆ. ಜಯನಗರದ ಅಕ್ಕನ ಮನೆಯಲ್ಲಿ ಊಟ ಮುಗಿಸಿ ಎಲ್ಲರೂ ಹಾಲ್‌ನಲ್ಲಿ ಮಾತಿಗೆ ಕೂತಿದ್ದೆವು. ಮಾತಿನ ನಡುವೆ ‘ಟಿಕ್’ ಎಂದು ಸಣ್ಣ ಸದ್ದಾಯಿತು. ಅಕ್ಕ ಕಿಟಕಿಯತ್ತ ನೋಡಿದಳು. ಭಾವ ಮಾತ್ರ ಸೀದಾ ಮೀನಿನ ತೊಟ್ಟಿಯ ಮುಂದೆ ಹೋಗಿ ಕುಕ್ಕರುಗಾಲಿನಲ್ಲಿ ಕೂತು ಮೊಬೈಲಿನ ಟಾರ್ಚ್ ಹಾಕಿದರು. ಮುಂದಿನ ಗಾಜಿನ ಎಡಮೂಲೆಯಲ್ಲಿ, ತಳದ ಅಂಚಿನಿಂದ ಓರೆಯಾಗಿ ಮೇಲಕ್ಕೆ, ಕೂದಲೆಳೆಯಷ್ಟು ತೆಳುವಾದ ಗೆರೆಯೊಂದು ಬೆಳಕಿಗೆ ಹೊಳೆಯಿತು. ಕೆಳಗಿನ ಎರಡು ಬೆರಳಗಲ ಬೆಳ್ಳಗೆ ಉಪ್ಪು ಕಟ್ಟಿತ್ತು. ಅದರಿಂದಾಚೆಗಿನ ಭಾಗ ಹೊಸದು, ಸ್ವಚ್ಛ. ಅಲ್ಲಿಂದ ಒಂದು ಹನಿ ನಿಧಾನವಾಗಿ ಉಬ್ಬಿ, ಕೆಳಗಿಳಿದು, ಸ್ಟ್ಯಾಂಡಿನ ಹಲಗೆಯ ಮೇಲೆ ಹರಡಿತು.

ಭಾವ ಉಗುರಿನಿಂದ ಗೆರೆಯ ಮೇಲೆ ಅಡ್ಡಲಾಗಿ ಗೀರಿ ನೋಡಿದರು. ಮೇಲ್ಮೈ ಗೀರಾಗಿದ್ದರೆ ಉಗುರು ಅಲ್ಲಿ ತಡೆಯುತ್ತದೆ. ಇಲ್ಲಿ ಸರಾಗವಾಗಿ ಜಾರಿತು. ಗೆರೆ ಗಾಜಿನ ಒಡಲಲ್ಲೇ ಇತ್ತು. ಸಿಹಿನೀರಿನ ತೊಟ್ಟಿ ಹೀಗೆ ಜಿನುಗಿದರೆ ತೇವ ಆರಿಹೋಗಿ ಗುರುತು ಅಷ್ಟಾಗಿ ಉಳಿಯದು. ಉಪ್ಪುನೀರು ಆವಿಯಾದ ಕಡೆಯಲ್ಲೆಲ್ಲ ಹರಳು ಬಿಟ್ಟುಹೋಗುತ್ತದೆ. ಆ ಬಿಳಿ ಪಟ್ಟೆಯನ್ನು ನೋಡಿದರೆ, ಬಿರುಕು ಹುಟ್ಟಿದ್ದು ಆ ರಾತ್ರಿಯಲ್ಲ, ಆ ರಾತ್ರಿ ಬೆಳೆದದ್ದು ಎಂದು ತಿಳಿಯುತ್ತಿತ್ತು.

“ಎಲ್ಲಾ ಸ್ವಿಚ್ ಆರಿಸು, ಹೀಟರ್ ಮೊದಲು” ಎಂದರು ಅಕ್ಕನಿಗೆ. ನನ್ನ ಕಡೆ ತಿರುಗಿ, “ನೀನು ಬಾತ್‌ರೂಮಿನಿಂದ ಪೈಪ್ ತಗೊಂಡು ಬಾ.”

ಅದು ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಎರಡಡಿ ಎತ್ತರದ ತೊಟ್ಟಿ. ಕಲ್ಲು ಮರಳಿನ ಜಾಗ ಕಳೆದು ಅದರಲ್ಲಿ ಇದ್ದದ್ದು ಸುಮಾರು 270 ಲೀಟರ್ ನೀರು. ಕಡಲಿನ ನೀರಿನಲ್ಲಿ ಲೀಟರಿಗೆ 35 ಗ್ರಾಂನಷ್ಟು ಉಪ್ಪು ಇರುತ್ತದೆ. ಆ ಲೆಕ್ಕಕ್ಕೆ ಭಾವನ ತೊಟ್ಟಿಯಲ್ಲಿ ಕರಗಿದ್ದ ಉಪ್ಪೇ ಒಂಬತ್ತೂವರೆ ಕೆಜಿಯ ಹತ್ತಿರ. ಅಡುಗೆ ಉಪ್ಪು ಇದಕ್ಕೆ ಆಗದು. ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲ ಕಡಲಿನ ಪ್ರಮಾಣದಲ್ಲೇ ಬೆರೆಸಿದ ಉಪ್ಪನ್ನು ಆರ್‌ಒ ನೀರಿಗೆ ಹಾಕಿ, ಪಂಪಿನಿಂದ ಗಂಟೆಗಟ್ಟಲೆ ತಿರುಗಿಸಿ ಕರಗಿಸಬೇಕು. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ, ಎರಡನೇ ಮಹಡಿಯ ಮೇಲೆ, ಒಬ್ಬ ಬ್ಯಾಂಕ್ ನೌಕರ ಹೀಗೆ ಕೈಯಾರೆ ಕಡಲು ಕಲಸಿಟ್ಟಿದ್ದ. ಒಂದು ಜೋಡಿ ಕ್ಲೌನ್‌ಫಿಶ್, ಅವು ಆತುಕೊಂಡಿದ್ದ ಅನಿಮೋನ್, ಒಂದು ನೀಲಿ ಡ್ಯಾಮ್ಸೆಲ್, ಮರಳಿನಲ್ಲಿ ಬಿಲ ತೋಡುವ ಗೋಬಿ, ಕೆಂಪು ಬೆನ್ನಿನ ಮೇಲೆ ಬಿಳಿ ಪಟ್ಟೆಯ ಸೀಗಡಿ, ಶಂಖದೊಳಗೆ ಸೇರಿಕೊಂಡ ಸಣ್ಣ ಏಡಿಗಳು — ಇವಿಷ್ಟೂ ಆ ನೀರನ್ನು ನಂಬಿಕೊಂಡಿದ್ದವು.

ಹೀಟರ್ ಮೊದಲು ಆರಿಸಲು ಕಾರಣವಿದೆ. ನೀರು ಇಳಿದು ಉರಿಯುವ ಹೀಟರ್ ಗಾಳಿಗೆ ತೆರೆದುಕೊಂಡರೆ ಅದರ ಗಾಜಿನ ಕೊಳವೆ ಸಿಡಿಯುತ್ತದೆ. ಉಪ್ಪುನೀರು ವಿದ್ಯುತ್ತನ್ನು ಸಿಹಿನೀರಿಗಿಂತ ಎಷ್ಟೋ ಪಟ್ಟು ಚೆನ್ನಾಗಿ ಹರಿಸುತ್ತದೆ. ನೆಲದ ಮೇಲಿದ್ದ ಎಕ್ಸ್‌ಟೆನ್ಷನ್ ಬೋರ್ಡನ್ನು ಅಕ್ಕ ಸೋಫಾದ ಮೇಲಕ್ಕೆ ಎತ್ತಿಟ್ಟಳು. ಜಮಖಾನ ಸುತ್ತಿ ಒಳಕೋಣೆಗೆ ಒಯ್ದಳು.

ಪೈಪಿನ ಒಂದು ತುದಿ ತೊಟ್ಟಿಗೆ, ಇನ್ನೊಂದು ತುದಿ ಕುಡಿಯುವ ನೀರಿನ ಖಾಲಿ ಕ್ಯಾನಿಗೆ. ಬಾಯಿಂದ ಎಳೆದು ಹರಿಸಿದ ಭಾವನ ಮುಖ ಉಪ್ಪಿಗೆ ಕಿವುಚಿಕೊಂಡಿತು. ನೀರು ತುಂಬುತ್ತಿದ್ದಾಗ ಮಗಳು ಕೇಳಿದಳು: “ಅಪ್ಪಾ, ಮೊದಲು ಮೀನು ಹಿಡೀಬಾರದಾ?”

“ಮೊದಲು ಭಾರ ಇಳಿಸಬೇಕು ಪುಟ್ಟಿ.”

ಆ ಉತ್ತರದ ಹಿಂದಿನ ಲೆಕ್ಕ ಸರಳ. ನೀರಿನ ಒತ್ತಡ ಆಳಕ್ಕೆ ತಕ್ಕಂತೆ ಏರುತ್ತದೆ. ಮೇಲೆ ಏನೂ ಇಲ್ಲ, ತಳದಲ್ಲಿ ಅತಿ ಹೆಚ್ಚು. ನೀರು 55 ಸೆಂ.ಮೀ. ನಿಂತಿದ್ದಾಗ ಆ ನಾಲ್ಕಡಿ ಗಾಜನ್ನು ಹೊರಕ್ಕೆ ತಳ್ಳುತ್ತಿದ್ದ ಬಲ ಸುಮಾರು 190 ಕೆಜಿ ಭಾರದಷ್ಟು. ನೀರನ್ನು ಅರ್ಧಕ್ಕೆ ಇಳಿಸಿದರೆ ಈ ಬಲವೂ ಅರ್ಧವಾಗುತ್ತದೆ ಎಂದು ಯಾರಿಗಾದರೂ ಅನ್ನಿಸೀತು. ಆದರೆ ಅದು ಕಾಲು ಭಾಗಕ್ಕೆ, ಅಂದರೆ 47 ಕೆಜಿಯ ಆಸುಪಾಸಿಗೆ ಇಳಿಯುತ್ತದೆ. ಒತ್ತಡವೂ ಕಡಿಮೆ, ಒತ್ತಡ ಬೀಳುವ ಜಾಗವೂ ಕಡಿಮೆ. ಹಾಗಾಗಿ ಬಿರುಕು ಕಂಡ ಮೊದಲ ಹತ್ತು ನಿಮಿಷದಲ್ಲಿ ಹೊರತೆಗೆದ ನೀರು ಆಮೇಲಿನ ಒಂದು ಗಂಟೆಯ ಕೆಲಸಕ್ಕೆ ಅವಕಾಶ ಮಾಡಿಕೊಡುತ್ತದೆ.

ಗಾಜಿನ ವಿಷಯದಲ್ಲಿ ಈ ಅವಸರ ಬೇಕು. ಎ.ಎ. ಗ್ರಿಫಿತ್ ಎಂಬ ಇಂಗ್ಲಿಷ್ ಎಂಜಿನಿಯರ್ 1921ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಗಾಜು ಲೆಕ್ಕಕ್ಕಿಂತ ಎಷ್ಟೋ ಕಡಿಮೆ ಬಲಕ್ಕೆ ಏಕೆ ಒಡೆಯುತ್ತದೆ ಎಂಬುದನ್ನು ವಿವರಿಸಿದ. ಕಣ್ಣಿಗೆ ಕಾಣದ ಸಣ್ಣ ಸೀಳಿನ ತುದಿಯಲ್ಲಿ ಸುತ್ತಲಿನ ಒತ್ತಡವೆಲ್ಲ ಬಂದು ಸೇರುತ್ತದೆ. ಸೀಳು ಉದ್ದವಾದಷ್ಟೂ ಮುಂದೆ ಹರಿಯುವುದು ಅದಕ್ಕೆ ಸುಲಭವಾಗುತ್ತದೆ. ತುದಿಗೆ ನೀರು ತಾಗಿದರೆ ಇನ್ನೂ ಕಷ್ಟ. ಗಾಜಿನ ಸಿಲಿಕಾನ್–ಆಮ್ಲಜನಕ ಬಂಧವನ್ನು ನೀರಿನ ಅಣು ಒಂದೊಂದಾಗಿ ಬಿಡಿಸುತ್ತ ಹೋಗುತ್ತದೆ. ಒಳಗೆ ನೀರು ತುಂಬಿಕೊಂಡು ನಿಂತ ತೊಟ್ಟಿಯ ಬಿರುಕು ದಿನಗಟ್ಟಲೆ ಸುಮ್ಮನಿದ್ದು, ಒಂದು ರಾತ್ರಿ ಇದ್ದಕ್ಕಿದ್ದಂತೆ ಗೇಣುದ್ದ ಬೆಳೆಯುವುದು ಹೀಗೆ.

ಇನ್ನು ಪಾತ್ರೆಗಳ ಹುಡುಕಾಟ. ಭಾವನ ತಾಯಿ ಅಟ್ಟದ ಮೇಲಿದ್ದ ಹಂಡೆಯನ್ನು ನೆನಪಿಸಿದರು. “ದೊಡ್ಡದಿದೆ ಕಣೋ, ಹುಣಿಸೆಹಣ್ಣು ಹಾಕಿ ತೊಳೆದಿಟ್ಟಿದ್ದೀನಿ.”

“ತಾಮ್ರ ಬೇಡಮ್ಮ, ಸೀಗಡಿ ಸತ್ತೇ ಹೋಗತ್ತೆ.”

ಅವರು ಸುಮ್ಮನೆ ತಲೆಯಾಡಿಸಿ ಬೇರೆ ಹುಡುಕಲು ಒಳಗೆ ಹೋದರು. ಮನುಷ್ಯರು ಆರೋಗ್ಯಕ್ಕೆಂದು ನೀರು ತುಂಬಿಡುವ ತಾಮ್ರ, ಬೆನ್ನೆಲುಬಿಲ್ಲದ ಕಡಲಜೀವಿಗಳಿಗೆ ವಿಷ. ಸೀಗಡಿ, ಏಡಿ, ಬಸವನಹುಳು, ಅನಿಮೋನ್ ಇವೆಲ್ಲ ಅತ್ಯಲ್ಪ ತಾಮ್ರಕ್ಕೂ ತಡೆಯುವುದಿಲ್ಲ. ಉಪ್ಪುನೀರು ತಾಮ್ರ, ಹಿತ್ತಾಳೆ, ಕಬ್ಬಿಣವನ್ನು ಬೇಗ ತಿನ್ನುವುದರಿಂದ ಲೋಹದ ಪಾತ್ರೆಗಳ ಕಡೆಗೇ ಹೋಗಬಾರದು. ಬಟ್ಟೆ ಒಗೆಯುವ ಬಕೆಟ್ಟೂ ಆಗದು. ಎಷ್ಟು ತೊಳೆದರೂ ಸೋಪಿನ ಅಂಶ ಪ್ಲಾಸ್ಟಿಕ್ಕಿನ ಗೀರುಗಳಲ್ಲಿ ಕೂತಿರುತ್ತದೆ. ಕೊನೆಗೆ ಕೈಗೆ ಬಂದದ್ದು ಅಕ್ಕಿ ತುಂಬಿಡಲೆಂದು ತಂದಿದ್ದ ಮುಚ್ಚಳದ ಹೊಸ ಡ್ರಮ್, ಪುಟ್ಟಿ ಕೂಸಾಗಿದ್ದಾಗಿನ ಸ್ನಾನದ ಟಬ್, ಕೆಳಗಿನ ಮನೆಯವರು ಬಾಗಿಲು ತಟ್ಟಿದ ಕೂಡಲೇ ತಂದುಕೊಟ್ಟ ನಾಲ್ಕು ನೀರಿನ ಕ್ಯಾನ್. “ಸೂರಿಗೆ ನೀರಿಳಿದರೆ ಇಳೀಲಿ ಸರ್, ನೀವು ಮೀನು ನೋಡಿ” ಎಂದು ಹೇಳಿ ಅವರೂ ಪ್ಯಾಂಟು ಮಡಚಿ ಕೂತರು.

ಅರ್ಧ ನೀರಾದ ಮೇಲೆ ಭಾವ ಕಲ್ಲುಗಳಿಗೆ ಕೈ ಹಾಕಿದರು. ಮೀನಿಗಿಂತ ಮೊದಲು ಕಲ್ಲು. ಅಡಗಲು ಸಂದಿ ಇರುವ ತನಕ ಮೀನು ಸಿಕ್ಕುವುದಿಲ್ಲ, ಅಟ್ಟಿಸಿಕೊಂಡು ಹೋದಷ್ಟೂ ಬಳಲುತ್ತದೆ. ಈ ಕಲ್ಲುಗಳ ಮಹತ್ವ ನೋಡುವವರಿಗೆ ತಿಳಿಯದು. ಅವುಗಳ ಸಣ್ಣ ಸಣ್ಣ ರಂಧ್ರಗಳಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳೇ ತೊಟ್ಟಿಯನ್ನು ನಡೆಸುವುದು. ಮೀನು ವಿಸರ್ಜಿಸುವ ಅಮೋನಿಯಾ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ಆ ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ಹೊಸ ತೊಟ್ಟಿಯಲ್ಲಿ ಈ ವ್ಯವಸ್ಥೆ ನೆಲೆಗೊಳ್ಳಲು ವಾರಗಳೇ ಹಿಡಿಯುತ್ತವೆ. ಹಳೆಯ ನೀರು ಪೂರ್ತಿ ಚೆಲ್ಲಿಹೋದರೂ ಹೊಸದಾಗಿ ಬೆರೆಸಿಕೊಳ್ಳಬಹುದು. ಕಲ್ಲು ಒಣಗಿ ಬ್ಯಾಕ್ಟೀರಿಯಾ ಸತ್ತರೆ ಮೊದಲಿನಿಂದ ಶುರುಮಾಡಬೇಕು. ಭಾವ ಒಂದೊಂದು ಕಲ್ಲನ್ನೂ ಎರಡು ಕೈಯಲ್ಲಿ ಎತ್ತಿ, ನೀರು ತುಂಬಿದ ಡ್ರಮ್ಮಿಗೆ ಅದ್ದಿದಂತೆ ಇಳಿಸುತ್ತಿದ್ದರು. ಗಾಳಿಯಲ್ಲಿ ಅದು ಇರುತ್ತಿದ್ದುದು ಎರಡು ಮೂರು ಕ್ಷಣ ಮಾತ್ರ.

ಅನಿಮೋನ್ ಹಿಡಿದಿದ್ದ ಕಲ್ಲು ಕೊನೆಗೆ. ನೋಡಲು ಹೂವಾದರೂ ಅದು ಪ್ರಾಣಿ. ಬುಡದ ಪಾದದಿಂದ ಕಲ್ಲನ್ನು ಬಿಗಿಯಾಗಿ ಕಚ್ಚಿಕೊಂಡಿರುತ್ತದೆ. ಎಳೆದರೆ ಪಾದ ಹರಿಯುತ್ತದೆ, ಹರಿದದ್ದು ಕೊಳೆತು ಇಡೀ ನೀರನ್ನು ಕೆಡಿಸುತ್ತದೆ. ಅದನ್ನು ಬಿಡಿಸುವ ಗೋಜಿಗೇ ಹೋಗದೆ ಕಲ್ಲಿನ ಸಮೇತ ಎತ್ತಬೇಕು. ಟಾರ್ಚಿನ ಬೆಳಕಿನಲ್ಲಿ ನಾನು ಹತ್ತಿರದಿಂದ ನೋಡಿದೆ. ನೀರಿನಿಂದ ಮೇಲೆದ್ದ ತಕ್ಷಣ ಬೆರಳುದ್ದದ ಎಳೆಗಳೆಲ್ಲ ಕುಸಿದು, ಮೈಯೊಳಗಿನ ನೀರನ್ನು ಚಿಮ್ಮಿಸಿ, ಅಂಗೈಯಗಲ ಇದ್ದದ್ದು ಕಂದು ಬಣ್ಣದ ಲೋಳೆಯ ಮುದ್ದೆಯಾಯಿತು. ಟಬ್ಬಿಗೆ ಇಳಿಸಿದ ಮೇಲೂ ಬಹಳ ಹೊತ್ತು ಹಾಗೇ ಇತ್ತು.

ಕ್ಲೌನ್‌ಫಿಶ್ ಜೋಡಿಯನ್ನು ಭಾವ ಬಲೆಯಿಂದ ಹಿಡಿಯಲಿಲ್ಲ. ಬಲೆಯ ನೂಲಿಗೆ ಕಿವಿರಿನ ಬಳಿಯ ಮುಳ್ಳು ಸಿಕ್ಕಿಕೊಳ್ಳುತ್ತದೆ, ಮೈಮೇಲಿನ ಲೋಳೆ ಉಜ್ಜಿಹೋಗುತ್ತದೆ. ಉಪ್ಪಿನಕಾಯಿ ಹಾಕುವ ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿಯನ್ನು ನೀರಿನಲ್ಲಿ ಅಡ್ಡಲಾಗಿ ಮುಳುಗಿಸಿ ಹಿಡಿದರು. ಪುಟ್ಟಿ ಆ ಕಡೆಯಿಂದ ಕೈ ಆಡಿಸಿದಳು. ದೊಡ್ಡ ಮೀನು ಮೊದಲು ಒಳಗೆ ಬಂತು, ಚಿಕ್ಕದು ಹಿಂದೆಯೇ ಬಂತು. ಕ್ಲೌನ್‌ಫಿಶ್‌ಗಳಲ್ಲಿ ದೊಡ್ಡದು ಹೆಣ್ಣು. ಅವು ಮೊದಲು ಗಂಡಾಗಿಯೇ ಬೆಳೆಯುತ್ತವೆ. ಜೋಡಿಯ ಹೆಣ್ಣು ಸತ್ತರೆ ಉಳಿದ ಗಂಡು ಹೆಣ್ಣಾಗಿ ಬದಲಾಗುತ್ತದೆ. ಟಬ್ಬಿಗೆ ಬಿಟ್ಟ ಕೂಡಲೇ ಎರಡೂ ಮುದುಡಿ ಕೂತಿದ್ದ ಅನಿಮೋನಿನ ಪಕ್ಕಕ್ಕೆ ಹೋಗಿ ನಿಂತವು.

ತಳದ ಮರಳನ್ನು ಭಾವ ಕೊನೆಯವರೆಗೂ ಕೆದಕಲಿಲ್ಲ. ಗಾಳಿಯಾಡದ ಆಳದ ಮರಳಿನಲ್ಲಿ ಹೈಡ್ರೋಜನ್ ಸಲ್ಫೈಡ್ ಸೇರಿಕೊಂಡಿರುತ್ತದೆ. ಮೀನು, ಕಲ್ಲು ಎಲ್ಲ ಹೊರಗೆ ಬಂದ ಮೇಲೆ ಮಗ್ಗಿನಿಂದ ಮೊಗೆದಾಗ ಕಪ್ಪುಬಣ್ಣದ ಪದರ ಕಂಡು, ಕೊಳೆತ ಮೊಟ್ಟೆಯ ವಾಸನೆ ಹಾಲ್‌ನಲ್ಲಿ ತುಂಬಿತು. ಆ ಮರಳನ್ನು ಮೀನಿರುವ ನೀರಿಗೆ ಬೆರೆಸಿದ್ದರೆ ಅಲ್ಲಿಯವರೆಗಿನ ಕಷ್ಟವೆಲ್ಲ ವ್ಯರ್ಥವಾಗುತ್ತಿತ್ತು. ಗೋಬಿ ಮಾತ್ರ ಆ ಮರಳಿನಲ್ಲೇ ಅಡಗಿತ್ತು. ಸಿಕ್ಕಾಗ ಅದರ ಕಿವಿರು ಬಹಳ ವೇಗವಾಗಿ ಆಡುತ್ತಿತ್ತು.

ಏರೇಟರ್ ಹಾಕಿ ಉಸಿರು ಬಿಡುವಷ್ಟರಲ್ಲಿ ಕರೆಂಟ್ ಹೋಯಿತು. ಮಳೆಗಾಲದ ಬೆಂಗಳೂರಿಗೆ ಅದು ಹೊಸದಲ್ಲ. ಮನೆಯ ಇನ್ವರ್ಟರ್ ಎರಡು ದೀಪ, ಒಂದು ಫ್ಯಾನಿಗೆ ಮಾತ್ರ. ಅದರ ತಂತಿ ಟಬ್ಬಿದ್ದ ಮೂಲೆಯವರೆಗೆ ಬಂದಿರಲಿಲ್ಲ. ಉಪ್ಪುನೀರು ಸಿಹಿನೀರಿಗಿಂತ ಕಡಿಮೆ ಆಮ್ಲಜನಕ ಹಿಡಿದಿಡುತ್ತದೆ, ಕಿಕ್ಕಿರಿದ ಟಬ್ಬಿನಲ್ಲಿ ಅದು ಬೇಗ ತೀರುತ್ತದೆ. ಭಾವನ ತಾಯಿ ಒಂದು ಮಾತೂ ಆಡದೆ ಸೆರಗು ಸಿಕ್ಕಿಸಿ, ಟಬ್ಬಿನ ಪಕ್ಕ ಮಣೆ ಹಾಕಿಕೊಂಡು ಕೂತರು. ಮಗ್ಗಿನಲ್ಲಿ ನೀರು ಮೊಗೆದು, ಮೊಳದೆತ್ತರದಿಂದ ತೆಳ್ಳಗೆ ಸುರಿಯತೊಡಗಿದರು. ಮತ್ತೆ ಮೊಗೆದರು, ಮತ್ತೆ ಸುರಿದರು. ಸುರಿದ ನೀರು ಗಾಳಿಯನ್ನು ಎಳೆದುಕೊಂಡು ಗುಳ್ಳೆಯಾಗಿ ಒಳಗಿಳಿಯುತ್ತಿತ್ತು. ಅವರಿಗೆ ದಣಿವಾದಾಗ ಅಕ್ಕ ಕೂತಳು, ಅಕ್ಕನ ನಂತರ ನಾನು.

ಮನೆಯೊಳಗೆ ಕಡಲಜೀವಿಗಳನ್ನು ಬದುಕಿಸಿದ ಮೊದಲಿಗರಲ್ಲಿ ಒಬ್ಬರಾದ ಅನ್ನಾ ಥಿನ್ ಅವರ ಮನೆಯಲ್ಲೂ ಇದೇ ಕೆಲಸ ನಡೆದಿತ್ತು. 1846ರಲ್ಲಿ ಅವರು ಇಂಗ್ಲೆಂಡಿನ ಟಾರ್ಕಿ ಕಡಲತೀರದಿಂದ ಹವಳಜೀವಿಗಳನ್ನು ಲಂಡನ್ನಿನ ಮನೆಗೆ ತಂದರು. ಪಂಪಿಲ್ಲದ ಕಾಲ. ತೆರೆದ ಕಿಟಕಿಯ ಮುಂದೆ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಮತ್ತೆ ಮತ್ತೆ ಸುರಿದು ಗಾಳಿ ಕೂಡಿಸುತ್ತಿದ್ದರು, ಮನೆಗೆಲಸದವಳು ಆ ದುಡಿಮೆಯಲ್ಲಿ ಜೊತೆಗೂಡುತ್ತಿದ್ದಳು. ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕ ಮೀನಿನ ಮನೆ ತೆರೆದದ್ದು ಆಮೇಲೆ, 1853ರಲ್ಲಿ. ಕಬ್ಬಿಣದ ಚೌಕಟ್ಟು, ಲಪ್ಪದ ಜೋಡಣೆಯ ಆ ಕಾಲದ ತೊಟ್ಟಿಗಳಿಗೆ ಉಪ್ಪುನೀರು ದೊಡ್ಡ ಶತ್ರು. ಗಾಜಿಗೆ ಗಾಜನ್ನೇ ಅಂಟಿಸುವ ಸಿಲಿಕಾನ್ 1960ರ ದಶಕದಲ್ಲಿ ಬಳಕೆಗೆ ಬಂದ ಮೇಲೆ ಮನೆಯಲ್ಲಿ ಕಡಲು ಇಡುವುದು ಸುಲಭವಾಯಿತು.

ಟಬ್ಬಿನ ನೀರು ತಣ್ಣಗಾಗದಂತೆ ಸುತ್ತ ಕಂಬಳಿ ಹೊದಿಸಿ, ಬಿಸಿನೀರು ತುಂಬಿ ಬಿಗಿಯಾಗಿ ಮುಚ್ಚಿದ ಬಾಟಲಿಯೊಂದನ್ನು ತೇಲಿಬಿಟ್ಟೆವು. ಈ ಮೀನುಗಳಿಗೆ 25–26 ಡಿಗ್ರಿ ಹಿತ. ಕರೆಂಟ್ ಬಂದಾಗ ಮಧ್ಯರಾತ್ರಿ ದಾಟಿತ್ತು.

ಎಷ್ಟೇ ಹಣ, ಎಷ್ಟೇ ತಂತ್ರಜ್ಞಾನವಿದ್ದರೂ ಕಡಲನ್ನು ಗೋಡೆಯೊಳಗೆ ಹಿಡಿಯುವುದು ಅಪಾಯದ ಕೆಲಸವೇ. 2022ರ ಡಿಸೆಂಬರ್ 16ರ ನಸುಕಿನಲ್ಲಿ ಬರ್ಲಿನ್ನಿನ ಹೋಟೆಲೊಂದರ ಒಳಾಂಗಣದಲ್ಲಿದ್ದ ‘ಅಕ್ವಾಡಾಮ್’ ಒಡೆಯಿತು. ದಪ್ಪ ಅಕ್ರಿಲಿಕ್‌ನ ಆ ಎತ್ತರದ ಕೊಳವೆಯಲ್ಲಿ ಹತ್ತು ಲಕ್ಷ ಲೀಟರ್ ಉಪ್ಪುನೀರು, ಸುಮಾರು 1,500 ಮೀನು. ಅಷ್ಟು ನೀರು ಬಾಗಿಲು ಮುರಿದು ಬೀದಿಗೆ ನುಗ್ಗಿತು. ಇಬ್ಬರಿಗೆ ಗಾಯವಾಯಿತು. ಜನ ಓಡಾಡುವ ಹೊತ್ತಲ್ಲದ್ದರಿಂದ ಜೀವಹಾನಿ ತಪ್ಪಿತು. ಮೀನುಗಳಲ್ಲಿ ಬಹುಪಾಲು ಸತ್ತವು. ಕಟ್ಟಡದ ಕೆಳಗಿನ ಸಣ್ಣ ತೊಟ್ಟಿಗಳು ಒಡೆಯದಿದ್ದರೂ ವಿದ್ಯುತ್ ಕಡಿದುಹೋಗಿ ಅಲ್ಲಿದ್ದ ನೂರಾರು ಮೀನುಗಳನ್ನು ಬೇರೆಡೆಗೆ ಸಾಗಿಸಬೇಕಾಯಿತು. ಒಡೆದದ್ದಕ್ಕೆ ಕಾರಣ ಇದೇ ಎಂದು ಖಚಿತವಾಗಿ ಹೇಳಲು ತಜ್ಞರಿಗೂ ಆಗಲಿಲ್ಲ.

ಅಕ್ಕನ ಮನೆಯ ತೊಟ್ಟಿಗೆ ಕಾರಣ ಸಿಕ್ಕಿತು. ಬೆಳಿಗ್ಗೆ ಶಿವಾಜಿನಗರದಿಂದ ಬಂದ ಗಾಜಿನ ಕೆಲಸದ ಭಾಯಿ ಬಿರುಕನ್ನು ನೋಡುವ ಮೊದಲು ಸ್ಟ್ಯಾಂಡಿನ ಮೇಲೆ ಉದ್ದದ ಅಳತೆಪಟ್ಟಿ ಇಟ್ಟು, ಕಣ್ಣನ್ನು ಅದರ ಮಟ್ಟಕ್ಕೆ ತಂದು ನೋಡಿದರು. ಎಡಮೂಲೆಯಲ್ಲಿ ಪಟ್ಟಿ ಎದ್ದು ನಿಂತಿತು.

“ಗಾಜಿಂದಲ್ಲ ಸಾರ್ ತೊಂದರೆ. ಪ್ಲೈವುಡ್ ಉಬ್ಬಿದೆ, ನೋಡಿ. ಪೈಪಿಂದ ಉಪ್ಪುನೀರು ದಿನಾ ಒಂದೊಂದು ಹನಿ ಬಿದ್ದಿದೆ.”

“ಬರೀ ಬಿರುಕಿಗೆ ಸಿಲಿಕಾನ್ ಹಾಕಿದರೆ ನಡೆಯಲ್ವಾ ಭಾಯಿ?” ಎಂದೆ.

“ಸೋರೋದು ನಿಲ್ಲತ್ತೆ, ಒಡೆಯೋದು ನಿಲ್ಲಲ್ಲ ಸಾರ್.”

ಗಾಜು ಭಾರ ಹೊರುತ್ತದೆ, ಬಾಗುವುದನ್ನು ಸಹಿಸುವುದಿಲ್ಲ. ಮುನ್ನೂರು ಕೆಜಿಗೂ ಮಿಕ್ಕಿದ ತೂಕ ಒಂದು ಉಬ್ಬಿನ ಮೇಲೆ ಕೂತರೆ ಮೂಲೆ ತಿರುಚಿಕೊಳ್ಳುತ್ತದೆ. ತಳದ ಕೆಳಗೆ ಸಿಕ್ಕಿಕೊಂಡ ಒಂದು ಕಲ್ಲಿನ ಹರಳೂ ಸಾಕು. ಅದಕ್ಕೇ ತೊಟ್ಟಿಯ ಅಡಿಗೆ ಥರ್ಮೊಕೋಲ್ ಹಾಸುವುದು. ಸಣ್ಣ ಏರುತಗ್ಗು ಅದು ನುಂಗುತ್ತದೆ, ಉಬ್ಬಿದ ಹಲಗೆಯನ್ನು ಅದೂ ಸರಿಮಾಡಲಾರದು.

ಭಾವ ಹೊಸ ತೊಟ್ಟಿಯನ್ನೇ ಕಟ್ಟಿಸಿದರು. ಎಂಟು ಎಂಎಂ ಬದಲು ಹನ್ನೆರಡು ಎಂಎಂ ಗಾಜು, ಸ್ಟ್ಯಾಂಡಿನ ಕಬ್ಬಿಣದ ಚೌಕಟ್ಟಿಗೆ ತುಕ್ಕು ಹಿಡಿಯದ ಬಣ್ಣ. ಹಳೆಯ ಗಾಜನ್ನು ಮತ್ತೆ ಬಳಸಬೇಕೆಂದರೆ ಹಳೆಯ ಸಿಲಿಕಾನನ್ನು ಬ್ಲೇಡಿನಿಂದ ಪೂರ್ತಿ ಕೆರೆದು ತೆಗೆಯಬೇಕು. ಹೊಸ ಸಿಲಿಕಾನ್ ಹಳೆಯದಕ್ಕೆ ಗಟ್ಟಿಯಾಗಿ ಹಿಡಿಯುವುದಿಲ್ಲ. ಬಾತ್‌ರೂಮಿಗೆ ಬಳಸುವ, ಬೂಷ್ಟು ತಡೆಯುವ ಮದ್ದು ಸೇರಿಸಿದ ಸಿಲಿಕಾನ್ ಮೀನಿಗೆ ಅಪಾಯ. ಅಂಟಿಸಿದ ಮೊದಲ ದಿನ ಮನೆತುಂಬ ವಿನಿಗರ್ ವಾಸನೆ. ಸಿಲಿಕಾನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುವುದರಿಂದ ಹಾಗೆ. ಮುಟ್ಟಿದರೆ 24 ಗಂಟೆಯಲ್ಲೇ ಒಣಗಿದಂತೆ ಕಾಣುತ್ತದೆ, ಒಳಗಿನವರೆಗೂ ಗಟ್ಟಿಯಾಗಲು ಒಂದು ವಾರ ಬಿಡುವುದು ಒಳ್ಳೆಯದು. ಆಮೇಲೆ ಬರೀ ನೀರು ತುಂಬಿಸಿ ಕೆಲವು ದಿನ ಕಾದು, ಅಂಚುಗಳಿಗೆಲ್ಲ ಕಾಗದ ಒತ್ತಿ ತೇವ ನೋಡಿದ ಮೇಲಷ್ಟೇ ಕಡಲನ್ನು ಒಳಗೆ ಬಿಡಬೇಕು.

ಅಲ್ಲಿಯವರೆಗೆ ಟಬ್ಬೇ ಮನೆ. ಅಡಗಿಕೊಳ್ಳಲು ಪಿವಿಸಿ ಪೈಪಿನ ತುಂಡುಗಳು, ಮೇಲೆ ಕತ್ತಲೆಗೆ ಬಟ್ಟೆ, ಊಟ ಅತಿ ಕಡಿಮೆ. ದಿನವೂ ಅಮೋನಿಯಾ ಪರೀಕ್ಷೆ, ಸ್ವಲ್ಪ ಸ್ವಲ್ಪ ನೀರು ಬದಲಾವಣೆ. ಗೋಬಿ ಉಳಿಯಲಿಲ್ಲ. ಡ್ಯಾಮ್ಸೆಲ್ ಬೇರೆಯವುಗಳನ್ನು ಕಚ್ಚತೊಡಗಿದ್ದರಿಂದ ಅದನ್ನು ರಂಧ್ರ ಕೊರೆದ ಡಬ್ಬಿಯಲ್ಲಿಟ್ಟು ಟಬ್ಬಿನಲ್ಲೇ ತೇಲಿಬಿಟ್ಟರು. ಅನಿಮೋನ್ ನಿಧಾನವಾಗಿ ಎಳೆ ಬಿಚ್ಚಿತು. ಸೀಗಡಿ ಪೊರೆ ಕಳಚಿ, ಪಾರದರ್ಶಕ ಚಿಪ್ಪನ್ನು ಹಾಗೇ ಬಿಟ್ಟು, ಹೊಸ ಮೈಯಲ್ಲಿ ಓಡಾಡಿತು.

ಇಷ್ಟು ಕಷ್ಟ ಕಂಡ ಮೇಲೂ ಮನೆಯಲ್ಲಿ ಕಡಲು ಇಡಬಾರದು ಎಂದು ನಾನು ಹೇಳಲಾರೆ. ಪುಟ್ಟಿ ಆ ತೊಟ್ಟಿಯಿಂದ ಕಲಿತದ್ದನ್ನು ಪುಸ್ತಕದಿಂದ ಕಲಿಯುತ್ತಿರಲಿಲ್ಲ. ಆದರೆ ಏನನ್ನು ಇಡುತ್ತೇವೆ ಎಂಬುದು ಮುಖ್ಯ. ಗಟ್ಟಿ ಹವಳಗಳು, ಕಡಲಕುದುರೆಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಅವನ್ನು ಹಿಡಿಯುವುದು, ಮಾರುವುದು, ಕೊಳ್ಳುವುದು ಅಪರಾಧ. ಕ್ಲೌನ್‌ಫಿಶ್‌ಗಳನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನವನ್ನು ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ರೂಢಿಗೆ ತಂದಿದ್ದಾರೆ. ಭಾವನ ಜೋಡಿ ಹಾಗೆ ಮರಿಮಾಡಿಸಿದ್ದೇ. ಮುರ್ಡೇಶ್ವರದಾಚೆಯ ನೇತ್ರಾಣಿಯಂಥ ದ್ವೀಪದ ಹವಳಬಂಡೆಯಿಂದ ಕಿತ್ತುತಂದ ಮೀನು ಯಾರ ಹಾಲ್‌ಗೂ ಬರಬಾರದು.

ತೊಟ್ಟಿ ಇಟ್ಟುಕೊಂಡಿರುವವರಲ್ಲಿ, ಇಡಬೇಕೆಂದಿರುವವರಲ್ಲಿ ಒಂದು ಕೋರಿಕೆ. ಸೋಪು ತಾಗದ ಒಂದು ದೊಡ್ಡ ಮುಚ್ಚಳದ ಡ್ರಮ್, ಉದ್ದನೆಯ ಪೈಪ್, ಬ್ಯಾಟರಿಯಿಂದ ಓಡುವ ಏರೇಟರ್, ಒಂದು ಬಿಡಿ ಹೀಟರ್, ತೊಟ್ಟಿ ತುಂಬುವಷ್ಟು ಕಡಲುಪ್ಪು — ಇವು ಮೀನಿಗಿಂತ ಮೊದಲು ಮನೆಗೆ ಬರಲಿ. ತಿಂಗಳಿಗೊಮ್ಮೆ ಟಾರ್ಚ್ ಹಿಡಿದು ನಾಲ್ಕು ಮೂಲೆಗಳನ್ನೂ, ಸ್ಟ್ಯಾಂಡಿನ ಹಲಗೆಯನ್ನೂ ನೋಡಿ. ಹೊರಗಾಜಿನ ಮೇಲೆ ಬಿಳಿ ಉಪ್ಪು ಕಂಡರೆ ಒರೆಸಿ ಸುಮ್ಮನಾಗಬೇಡಿ, ಅದು ಎಲ್ಲಿಂದ ಬಂತೆಂದು ಹುಡುಕಿ. ಗಾಜು ಮತ್ತೆ ಕೊಳ್ಳಬಹುದು. ಒಳಗಿನ ಜೀವಗಳಿಗೆ ನಮ್ಮ ಮನೆ ಬಿಟ್ಟರೆ ಬೇರೆ ಕಡಲಿಲ್ಲ.